ಗೊರಗುಂಟೆಪಾಳ್ಯದಿಂದ ಕ್ಯಾರವಾನ್ ಹತ್ತಿ ಹೊರಟರೆ: ಯಾವ ಸಾಹಸ ಯಾವಾಗ, ಗಾಡಿ ರಾತ್ರಿ ನಿಲ್ಲೋದೆಲ್ಲಿ? ಪೂರ್ತಿ ಮಾಹಿತಿ

ಗೊರಗುಂಟೆಪಾಳ್ಯ: ತುಮಕೂರು ರಸ್ತೆ ಮತ್ತು ಔಟರ್ ರಿಂಗ್ ರೋಡ್ ಸೇರುವ ಗೊರಗುಂಟೆಪಾಳ್ಯ ಜಂಕ್ಷನ್ ಉತ್ತರ ಬೆಂಗಳೂರಿನವರ ಪಾಲಿಗೆ ಊರು ಬಿಡುವ ಬಾಗಿಲು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ ಬಸ್ ಹತ್ತೋರು ಇಲ್ಲೇ ನಿಲ್ಲುತ್ತಾರೆ. ಈಗ ಬಸ್ ಜೊತೆಗೆ ಇನ್ನೊಂದು ಬಗೆಯ ಗಾಡಿಯೂ ಈ ರಸ್ತೆಯಲ್ಲಿ ಕಾಣ್ತಿದೆ. ಒಳಗೇ ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್ ಇರುವ ಮೋಟಾರ್‌ಹೋಮ್. ಜನ ಇದನ್ನು ಕ್ಯಾರವಾನ್ ಅಂತಲೂ ಕರೀತಾರೆ. ಅಂಗಡಿಗೆ ವಾರ ರಜೆ ಹಾಕಿ, ಎರಡು ಮನೆಯವರು ಸೇರಿ ಬಾಡಿಗೆಗೆ ಹಿಡಿದು ಹೊರಡೋದು ಶುರುವಾಗಿದೆ.

ಹೊರಡೋರು ಸಾಮಾನ್ಯವಾಗಿ ಮೊದಲು ಒಂದು ಪಟ್ಟಿ ಬರೀತಾರೆ. ರಾಫ್ಟಿಂಗ್, ಸ್ಕೂಬಾ, ಟ್ರೆಕ್ಕಿಂಗ್, ಕಯಾಕಿಂಗ್, ಎಲ್ಲವೂ ನಾಲ್ಕು ದಿನದಲ್ಲಿ. ಅಲ್ಲೇ ಲೆಕ್ಕ ತಪ್ಪುತ್ತದೆ. ಕ್ಯಾರವಾನ್ ಪ್ರವಾಸದಲ್ಲಿ ಮೊದಲು ನಿಗದಿ ಆಗಬೇಕಾದದ್ದು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನೋದು. ಎರಡನೆಯದು ಆ ತಿಂಗಳಲ್ಲಿ ಯಾವ ಸಾಹಸ ತೆರೆದಿರುತ್ತದೆ ಅನ್ನೋದು. ಮೂರನೆಯದು, ಸಾಹಸ ಮಾಡಿ ಸುಸ್ತಾದವನು ಅವತ್ತೇ ಸ್ಟೇರಿಂಗ್ ಹಿಡಿಯಬಾರದು ಅನ್ನೋ ನಿಯಮ. ಈ ಮೂರಕ್ಕೆ ಹೊಂದುವಂತೆ ಗೊರಗುಂಟೆಪಾಳ್ಯದಿಂದ ಹೊರಟು ಗೊರಗುಂಟೆಪಾಳ್ಯಕ್ಕೇ ವಾಪಸ್ ಬರುವ ಒಂದು ಸುತ್ತಿನ ವಿವರ ಇಲ್ಲಿದೆ.

ಗಾಡಿ ಹಿಡಿಯೋ ಮುಂಚೆ

ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳಲ್ಲಿ ಹೆಚ್ಚಿನವು ಟೆಂಪೋ ಟ್ರಾವೆಲರ್ ಮಾದರಿಯ ಗಾಡಿ ಮೇಲೆ ಕಟ್ಟಿದಂಥವು. ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಅದು ಲಘು ವಾಹನ. ಎಲ್‌ಎಂವಿ ಲೈಸೆನ್ಸ್ ಇದ್ದವರು ಈ ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಬಸ್ ಮೇಲೆ ಕಟ್ಟಿದ ದೊಡ್ಡ ಗಾಡಿಯಾದರೆ ಹೆವಿ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಅಭ್ಯಾಸ ಇದೆ ಅಂತ ಅಲ್ಲ. ಕಾರು ಮಾತ್ರ ಓಡಿಸಿದವರು ಘಾಟಿಯಲ್ಲಿ ಈ ಗಾಡಿ ಇಳಿಸೋಕೆ ಹೋಗಬೇಡಿ, ಡ್ರೈವರ್ ಸಮೇತ ತಗೊಳ್ಳಿ.

ಆರ್‌ಸಿ ಕೇಳಿ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿನ್ಯಾಸವನ್ನು ಇಷ್ಟ ಬಂದ ಹಾಗೆ ಬದಲಾಯಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಹಳೇ ವ್ಯಾನ್‌ಗೆ ಪ್ಲೈವುಡ್ ಹೊಡೆದು ಮಂಚ ಮಾಡಿ ವೈಟ್ ಬೋರ್ಡ್‌ನಲ್ಲೇ ಬಾಡಿಗೆಗೆ ಬಿಡೋರು ಇದ್ದಾರೆ. ಬಾಡಿಗೆ ಸ್ವಲ್ಪ ಕಮ್ಮಿ ಅನಿಸಬಹುದು. ಅಪಘಾತ ಆದರೆ ಇನ್ಶೂರೆನ್ಸ್ ಕೈ ಎತ್ತುವ ಸಾಧ್ಯತೆ ಜಾಸ್ತಿ.

ಗಾಡಿ ಓಡುವಾಗ ಎಲ್ಲರೂ ಸೀಟಲ್ಲಿ ಬೆಲ್ಟ್ ಹಾಕಿ ಕೂರಬೇಕು. ಹಿಂದೆ ಮಂಚದ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ಹೋಗೋದು, ಓಡುವ ಗಾಡಿಯಲ್ಲಿ ಟೀ ಕಾಸೋದು ಬೇಡವೇ ಬೇಡ. ಆರು ಜನಕ್ಕೆ ಮಲಗೋ ಜಾಗ ಇದೆ ಅಂದರೆ ಆರು ಬೆಲ್ಟ್ ಸೀಟೂ ಇದೆಯಾ ಅಂತ ಎಣಿಸಿ.

ಯಾವ ತಿಂಗಳು ಹೊರಡಬೇಕು

ಜನ ಇಲ್ಲಿ ಜಾಸ್ತಿ ಎಡವುತ್ತಾರೆ. ಜೋಗ ತುಂಬಿ ಬೀಳೋದು ಜುಲೈನಿಂದ ಸೆಪ್ಟೆಂಬರ್ ತನಕ. ಅದೇ ಹೊತ್ತಲ್ಲಿ ಸಮುದ್ರ ಕೆರಳಿರುತ್ತದೆ, ನೇತ್ರಾಣಿಗೆ ಬೋಟ್ ಹೋಗಲ್ಲ. ಜೋರು ಮಳೆಯಲ್ಲಿ ದಾಂಡೇಲಿಯ ರಾಫ್ಟಿಂಗ್ ಕೂಡ ನಿಲ್ಲುತ್ತದೆ. ಒಂದೇ ಪ್ರವಾಸದಲ್ಲಿ ತುಂಬಿದ ಜೋಗವೂ ಬೇಕು, ಸ್ಕೂಬಾನೂ ಬೇಕು ಅಂದರೆ ಆಗಲ್ಲ.

ಈ ಸುತ್ತಿಗೆ ಒಳ್ಳೆ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ತನಕ. ಮಳೆ ನಿಂತಿರುತ್ತದೆ, ಲಿಂಗನಮಕ್ಕಿ ಹಿನ್ನೀರಲ್ಲಿ ನೀರು ಚೆನ್ನಾಗಿರುತ್ತದೆ, ಸಮುದ್ರ ಸಮಾಧಾನಕ್ಕೆ ಬಂದಿರುತ್ತದೆ. ದೀಪಾವಳಿ, ಕ್ರಿಸ್‌ಮಸ್ ವಾರ ಬಿಟ್ಟುಬಿಡಿ. ಮಳೆಗಾಲದಲ್ಲೇ ರಾಫ್ಟಿಂಗ್ ಬೇಕು ಅನ್ನೋರಿಗೆ ದಾರಿ ಬೇರೆ. ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯೋದೇ ಮಳೆಗಾಲದಲ್ಲಿ. ಅದನ್ನು ಈ ಸುತ್ತಿಗೆ ಸೇರಿಸಬೇಡಿ.

ಮೊದಲು ಒಂದು ರಾತ್ರಿಯ ಟ್ರಯಲ್

ವಾರದ ಪ್ರವಾಸಕ್ಕೆ ದುಡ್ಡು ಕಟ್ಟೋ ಮುಂಚೆ ಒಂದು ರಾತ್ರಿ ಹೋಗಿ ಬನ್ನಿ. ತುಮಕೂರು ರಸ್ತೆಯಲ್ಲೇ ದಾಬಸ್‌ಪೇಟೆ ಹತ್ತಿರ ಎಡಕ್ಕೆ ತಿರುಗಿದರೆ ಶಿವಗಂಗೆ. ಬೆಂಗಳೂರಿನಿಂದ ಸುಮಾರು 55 ಕಿ.ಮೀ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,368 ಮೀಟರ್. ಮೇಲಿನ ಭಾಗ ಕಡಿದಾಗಿದೆ, ಕಂಬಿ ಹಿಡಿದು ಹತ್ತಬೇಕು. ಮನೆಯವರಲ್ಲಿ ಯಾರಿಗೆ ಎಷ್ಟು ದಮ್ಮಿದೆ, ಎತ್ತರ ಅಂದರೆ ಯಾರಿಗೆ ಭಯ, ಇಲ್ಲೇ ಗೊತ್ತಾಗುತ್ತದೆ. ಗಾಡಿಯ ನೀರಿನ ಟ್ಯಾಂಕ್ ಎಷ್ಟು ಹೊತ್ತು ಬರುತ್ತೆ, ಎಸಿ ಬ್ಯಾಟರಿಯಲ್ಲಿ ಎಷ್ಟು ಗಂಟೆ ಓಡುತ್ತೆ ಅನ್ನೋದೂ ತಿಳಿಯುತ್ತದೆ.

ಟ್ರೆಕ್ಕಿಂಗ್ ಬೇಕು ಅನ್ನೋರಿಗೆ ದೊಡ್ಡಬಳ್ಳಾಪುರ ಕಡೆಯ ಮಾಕಳಿದುರ್ಗ ಇದೆ. ಆದರೆ ಸುಮ್ನೆ ಹೋಗಿ ಹತ್ತುವಂತಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದರು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ತಾಣಗಳನ್ನು ಬಂದ್ ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟ್ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು. ಹೆಸರು, ಗುರುತಿನ ಚೀಟಿ ಕೊಟ್ಟು ಟಿಕೆಟ್ ತೆಗೆದುಕೊಂಡೇ ಹೋಗಬೇಕು.

ಎಂಟು ದಿನದ ಸುತ್ತು: ಸುಮಾರು 1,200 ಕಿ.ಮೀ.

*ದಿನ 1: ಗೊರಗುಂಟೆಪಾಳ್ಯದಿಂದ ಚಿತ್ರದುರ್ಗ, ಸುಮಾರು 190 ಕಿ.ಮೀ.*

ಬೆಳಗ್ಗೆ ಆರರ ಒಳಗೆ ಜಂಕ್ಷನ್ ದಾಟಿಬಿಡಿ. ಎಂಟಾದರೆ ಪೀಣ್ಯ ತನಕ ತೆವಳಬೇಕು. ಪೀಣ್ಯ ಫ್ಲೈಓವರ್ ಬಗ್ಗೆ ಒಂದು ಮಾತು. ಕೇಬಲ್ ದೋಷದಿಂದ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ದ ಮೇಲ್ಸೇತುವೆ 2022ರ ಫೆಬ್ರುವರಿಯಲ್ಲಿ ಸಣ್ಣ ವಾಹನಗಳಿಗೆ, 2024ರ ಜುಲೈ ಕೊನೆಯಲ್ಲಿ ಷರತ್ತಿನ ಮೇಲೆ ಭಾರಿ ವಾಹನಗಳಿಗೆ ತೆರೆಯಿತು. ವಾರದಲ್ಲಿ ಒಂದು ದಿನ ಭಾರಿ ವಾಹನಕ್ಕೆ ಪ್ರವೇಶ ಇಲ್ಲ ಅನ್ನೋ ನಿಯಮ ಆಗ ಬಂತು. ಬಸ್ ಗಾತ್ರದ ಕ್ಯಾರವಾನ್ ಆದರೆ ಹೊರಡೋ ಹಿಂದಿನ ದಿನ ಟ್ರಾಫಿಕ್ ಪೊಲೀಸರ ಸೂಚನೆ ನೋಡಿಕೊಳ್ಳಿ, ಇಲ್ಲ ಅಂದರೆ ಕೆಳಗಿನ ರಸ್ತೆಯಲ್ಲೇ ಹೋಗಿ.

ಮಧ್ಯಾಹ್ನದ ಒಳಗೆ ಚಿತ್ರದುರ್ಗ. ಬಿಸಿಲು ಇಳಿದ ಮೇಲೆ ಏಳುಸುತ್ತಿನ ಕೋಟೆ ಹತ್ತಿ. ಒನಕೆ ಓಬವ್ವನ ಕಿಂಡಿ ನೋಡಿ ಬರೋದು ಮಕ್ಕಳಿಗೂ ಆಗುವ ನಡಿಗೆ. ಇದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಗೋಡೆ, ಬಂಡೆ ಹತ್ತಿ ರೀಲ್ಸ್ ಮಾಡೋ ಜಾಗ ಅಲ್ಲ. ಸಂಜೆ ಗೇಟ್ ಮುಚ್ಚೋ ಮುಂಚೆ ಇಳಿದುಬಿಡಬೇಕು. ರಾತ್ರಿ ಕೋಟೆ ರಸ್ತೆಯಲ್ಲಿ ಗಾಡಿ ಹಾಕಬೇಡಿ. ಕೋಟೆ ಬಳಿ ಪ್ರವಾಸೋದ್ಯಮ ನಿಗಮದ ಹೋಟೆಲ್ ಇದೆ, ಮೊದಲೇ ಫೋನ್ ಮಾಡಿ ಆವರಣದಲ್ಲಿ ಜಾಗ, ಕರೆಂಟ್ ಪಾಯಿಂಟ್ ಕೇಳಿ.

*ದಿನ 2: ಚಿತ್ರದುರ್ಗದಿಂದ ದಾಂಡೇಲಿ, ಸುಮಾರು 280 ಕಿ.ಮೀ.*

ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಹಳಿಯಾಳ ದಾರಿ. ಇವತ್ತು ಯಾವ ಸಾಹಸವೂ ಇಲ್ಲ, ಬರೀ ಪ್ರಯಾಣ. ಕತ್ತಲಾಗೋ ಮುಂಚೆ ತಲುಪಬೇಕು. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಂಚಲ್ಲಿ ಗಾಡಿ ಹಾಕಿ ಅಡುಗೆ ಮಾಡೋದು, ಬೆಂಕಿ ಹಾಕೋದು ಕೇಸ್ ಆಗುವ ಕೆಲಸ. ಗೇಟ್ ಇರುವ ರೆಸಾರ್ಟ್ ಅಥವಾ ಹೋಂಸ್ಟೇ ಆವರಣದಲ್ಲೇ ನಿಲ್ಲಿಸಿ.

*ದಿನ 3: ಕಾಳಿ ನದಿ ರಾಫ್ಟಿಂಗ್*

ರಾಫ್ಟಿಂಗ್ ನಡೆಯೋದು ಗಣೇಶಗುಡಿ ಕಡೆ, ಸೂಪಾ ಅಣೆಕಟ್ಟಿನ ಕೆಳಗೆ. ನದಿಯ ಹರಿವು ವಿದ್ಯುತ್ ಉತ್ಪಾದನೆಗೆ ಬಿಡುವ ನೀರಿನ ಮೇಲೆ ನಿಂತಿದೆ. ಹಾಗಾಗಿ ಹಿಂದಿನ ಸಂಜೆಯೇ ನಾಳೆ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಹತ್ತು ನಿಮಿಷ ದೋಣಿಯಲ್ಲಿ ಆಚೀಚೆ ಮಾಡಿಸುವ ಸಣ್ಣ ಸವಾರಿಗೂ, ಪೂರ್ತಿ ರಾಫ್ಟಿಂಗ್‌ಗೂ ವ್ಯತ್ಯಾಸ ಇದೆ. ದುಡ್ಡು ಕಟ್ಟೋ ಮುಂಚೆ ಎಷ್ಟು ಕಿ.ಮೀ. ಅಂತ ಕೇಳಿ.

2022ರ ಏಪ್ರಿಲ್‌ನಲ್ಲಿ ಇಲ್ಲಿ ಮಿತಿಗಿಂತ ಹೆಚ್ಚು ಜನರನ್ನು ತುಂಬಿಕೊಂಡ ರಾಫ್ಟ್ ಸುಳಿಗೆ ಸಿಕ್ಕಿ, ಅದರಲ್ಲಿದ್ದವರನ್ನು ಕಷ್ಟಪಟ್ಟು ದಡ ಸೇರಿಸಿದ್ದರು. ಜಿಲ್ಲಾಡಳಿತ ಕೆಲ ಕಾಲ ಜಲಕ್ರೀಡೆಯನ್ನೇ ನಿಲ್ಲಿಸಿತ್ತು. ರಾಫ್ಟ್‌ನ ಮಿತಿ ಎಷ್ಟು, ಎಷ್ಟು ಜನ ಕೂರಿಸುತ್ತಾರೆ ಅಂತ ನೀವೇ ಎಣಿಸಿ. ಒಬ್ಬ ಜಾಸ್ತಿ ಇದ್ದರೂ ಇಳಿದುಬಿಡಿ. ಚಿಕ್ಕ ಮಕ್ಕಳನ್ನು ದಡದಲ್ಲೇ ಬಿಡಿ, ಜೊತೆಗೆ ಒಬ್ಬ ದೊಡ್ಡವರು ಇರಲಿ. ರಾತ್ರಿ ಮತ್ತೆ ದಾಂಡೇಲಿಯಲ್ಲೇ.

*ದಿನ 4: ದಾಂಡೇಲಿಯಿಂದ ಮುರುಡೇಶ್ವರ, ಸುಮಾರು 200 ಕಿ.ಮೀ.*

ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ, ಕುಮಟಾ, ಹೊನ್ನಾವರ ದಾರಿ. ಘಾಟಿ ಇಳಿಯುವಾಗ ಕೆಳ ಗೇರ್‌ನಲ್ಲೇ ಬನ್ನಿ. ನೀರಿನ ಟ್ಯಾಂಕ್ ತುಂಬಿದ ಗಾಡಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿಸಿದರೆ ಬ್ರೇಕ್ ಕಾದು ಹಿಡಿಯದೇ ಹೋಗಬಹುದು.

ಅಂಕೋಲಾ ಹತ್ತಿರದ ಶಿರೂರು ಹೆಸರು ಗೊರಗುಂಟೆಪಾಳ್ಯದ ಲಾರಿಯವರಿಗೆ ನೆನಪಿದ್ದೇ ಇರುತ್ತದೆ. 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಪಕ್ಕದ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಜನ, ವಾಹನಗಳು ಗಂಗಾವಳಿ ನದಿ ಪಾಲಾದವು. ಅಲ್ಲಿ ಸತ್ತವರು ಯಾವ ಸಾಹಸಕ್ಕೂ ಹೋದವರಲ್ಲ, ಟೀ ಕುಡಿಯೋಕೆ, ವಿಶ್ರಾಂತಿಗೆ ನಿಂತವರೂ ಅವರಲ್ಲಿದ್ದರು. ಕ್ಯಾರವಾನ್ ಇದ್ದವರಿಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅನ್ನೋ ಧೈರ್ಯ ಇರುತ್ತದೆ. ಕಡಿದ ಗುಡ್ಡದ ಬುಡದಲ್ಲಿ, ನದಿ ಪಕ್ಕದಲ್ಲಿ, ಘಾಟಿಯ ತಿರುವಲ್ಲಿ ಐದು ನಿಮಿಷಕ್ಕೂ ನಿಲ್ಲಿಸಬೇಡಿ. ಮಳೆ ಬರ್ತಿದ್ದರಂತೂ ಬೇಡವೇ ಬೇಡ.

*ದಿನ 5: ನೇತ್ರಾಣಿ ಸ್ಕೂಬಾ*

ಮುರುಡೇಶ್ವರ ತೀರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ. ಬೋಟ್‌ನಲ್ಲಿ ಒಂದರಿಂದ ಒಂದೂವರೆ ಗಂಟೆ. ಈಜು ಬಾರದವರನ್ನೂ ತರಬೇತುದಾರರು ಕೈ ಹಿಡಿದು ಇಳಿಸುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿ ನೋವು, ಜೋರು ನೆಗಡಿ ಇದ್ದವರು ಮುಚ್ಚಿಡಬಾರದು. ಫಾರಂನಲ್ಲಿ ಸುಳ್ಳು ಟಿಕ್ ಹಾಕಿದರೆ ನೀರಿನ ಒಳಗೆ ಪ್ರಾಣಕ್ಕೆ ಕುತ್ತು. ಹಿಂದಿನ ರಾತ್ರಿ ಎಣ್ಣೆ ಪಾರ್ಟಿ ಬೇಡ.

ಸ್ಕೂಬಾ ಆದ ಮೇಲೆ ಅದೇ ಸಂಜೆ ಘಾಟಿ ಹತ್ತಿ ಜೋಗಕ್ಕೆ ಹೋಗೋಣ ಅನ್ನೋ ಪ್ಲಾನ್ ಬಹಳ ಜನ ಹಾಕುತ್ತಾರೆ. ಅದು ತಪ್ಪು. ನೀರಿನೊಳಗೆ ಉಸಿರಾಡುವಾಗ ದೇಹದಲ್ಲಿ ನೈಟ್ರೋಜನ್ ಸೇರಿಕೊಂಡಿರುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲು ನೋವು, ತಲೆ ಸುತ್ತು, ಕೆಲವೊಮ್ಮೆ ಅದಕ್ಕಿಂತ ದೊಡ್ಡ ತೊಂದರೆ ಕೊಡುತ್ತದೆ. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ವಿಮಾನ ಹತ್ತಬಾರದು ಅನ್ನುತ್ತದೆ ಡೈವಿಂಗ್ ಸುರಕ್ಷತಾ ನಿಯಮ. 2,000 ಅಡಿ ಎತ್ತರಕ್ಕೆ ಗಾಡಿಯಲ್ಲಿ ಹೋಗೋದೂ ಅದೇ ಲೆಕ್ಕಕ್ಕೆ ಬರುತ್ತದೆ. ಘಾಟಿ ಮೇಲಿನ ಮಲೆನಾಡು ಹೆಚ್ಚುಕಮ್ಮಿ ಅಷ್ಟೇ ಎತ್ತರ. ಹಾಗಾಗಿ ಅವತ್ತು ರಾತ್ರಿ ಕರಾವಳಿಯಲ್ಲೇ ಮಲಗಬೇಕು.

ಮುರುಡೇಶ್ವರದ ಕಡಲಲ್ಲಿ ಆಟ ಆಡುವಾಗಲೂ ಎಚ್ಚರ ಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಇಲ್ಲಿ ಮುಳುಗಿ ತೀರಿಕೊಂಡರು. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ.

*ದಿನ 6: ಮುರುಡೇಶ್ವರದಿಂದ ಜೋಗ, ಸುಮಾರು 85 ಕಿ.ಮೀ.*

ಬೆಳಗ್ಗೆ ಅವಸರ ಇಲ್ಲ, ಊಟ ಮುಗಿಸಿ ಹೊರಡಿ. ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಬೇಕು. ತಿರುವುಗಳಲ್ಲಿ ಎದುರಿನ ಬಸ್‌ಗೆ ಜಾಗ ಬಿಡೋ ತಾಳ್ಮೆ ಇರಲಿ. 253 ಮೀಟರ್ ಎತ್ತರದ ಜೋಗವನ್ನು ಕಟ್ಟೆಯ ಈಚೆಯಿಂದಲೇ ನೋಡಿ. ಜೋಗದಲ್ಲಿ ನಿಗಮದ ಮಯೂರ ಗೇರುಸೊಪ್ಪ ಹೋಟೆಲ್ ಇದೆ. ಗಾಡಿ ನಿಲ್ಲಿಸೋಕೆ ಮುಂಚೆಯೇ ಕೇಳಿಕೊಂಡಿರಿ.

*ದಿನ 7: ಹೊನ್ನೆಮರಡು*

ತಾಳಗುಪ್ಪ ಕಡೆಯಿಂದ ಒಳಗೆ ಹೋದರೆ ಶರಾವತಿ ಹಿನ್ನೀರಿನ ಹೊನ್ನೆಮರಡು. ಕಯಾಕ್, ತೆಪ್ಪ, ಈಜು. ಅಬ್ಬರ ಇಲ್ಲದ ನೀರು, ಮೊದಲ ಸಲ ಹುಟ್ಟು ಹಿಡಿಯೋರಿಗೆ ಒಳ್ಳೆ ಜಾಗ. ಹಿನ್ನೀರು ಶಾಂತವಾಗಿದೆ ಅಂತ ಲೈಫ್ ಜಾಕೆಟ್ ಬಿಚ್ಚಬಾರದು. ಕೆಳಗೆ ಮುಳುಗಡೆಯಾದ ಮರಗಳ ಬೊಡ್ಡೆ ಇರುತ್ತವೆ, ಆಳ ಹೇಳೋಕೆ ಬರಲ್ಲ. ಮೊದಲೇ ಮಾತಾಡಿಕೊಂಡು ಹೋಗಬೇಕು. ಕೊನೆಯ ದಾರಿ ಚಿಕ್ಕದು, ದೊಡ್ಡ ಗಾಡಿ ಒಳಗೆ ಬರುತ್ತಾ ಅಂತಲೂ ಕೇಳಿ. ಆಗಲ್ಲ ಅಂದರೆ ಸಾಗರದಲ್ಲಿ ಗಾಡಿ ಬಿಟ್ಟು ಜೀಪ್ ಹಿಡಿಯಿರಿ. ರಾತ್ರಿ ಸಾಗರದಲ್ಲಿ.

*ದಿನ 8: ಸಾಗರದಿಂದ ಗೊರಗುಂಟೆಪಾಳ್ಯ, ಸುಮಾರು 370 ಕಿ.ಮೀ.*

ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಎಲ್ಲರೂ ಇನ್ನೂ ಹಳೇ 206 ಅಂತಲೇ ಕರೆಯೋ ಹೆದ್ದಾರಿ. ಇದೇ ಸುತ್ತಿನ ಅತಿ ಉದ್ದದ ದಿನ. ಇಬ್ಬರು ಡ್ರೈವ್ ಮಾಡೋರು ಇದ್ದರೆ ತಿಪಟೂರಲ್ಲಿ ಬದಲಾಯಿಸಿಕೊಳ್ಳಿ. ಭಾನುವಾರ ಸಂಜೆ ನೆಲಮಂಗಲ ಟೋಲ್‌ನಲ್ಲಿ ಸಿಕ್ಕಿಹಾಕಿಕೊಳ್ಳೋದು ಬೇಡ ಅಂದರೆ ವಾರದ ಮಧ್ಯೆ ವಾಪಸ್ ಬರುವಂತೆ ದಿನ ಹೊಂದಿಸಿ.

ಎಂಟು ದಿನ ಅಂಗಡಿ ಮುಚ್ಚೋಕೆ ಆಗಲ್ಲ ಅನ್ನೋರು ಒಂದೇ ಕಡೆಗೆ ಹೋಗಿ. ಸಾಗರ ಮತ್ತು ಹೊನ್ನೆಮರಡು ಮಾತ್ರ ಇಟ್ಟುಕೊಂಡರೆ ಮೂರು ದಿನ ಸಾಕು.

ದುಡ್ಡು ಕಟ್ಟೋ ಮುಂಚೆ ಆಪರೇಟರ್‌ಗೆ ಐದು ಪ್ರಶ್ನೆ

1. ಅನುಮತಿ ಪತ್ರ ಇದೆಯಾ, ತೋರಿಸ್ತೀರಾ?
2. ಗೈಡ್ ಎಲ್ಲಿ ತರಬೇತಿ ಪಡೆದಿದ್ದಾರೆ? ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಕಲಿತವರು ಇದ್ದಾರಾ?
3. ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್, ಹೆಲ್ಮೆಟ್ ಇದೆಯಾ?
4. ಹವಾಮಾನ ಕೆಟ್ಟರೆ ದುಡ್ಡು ವಾಪಸ್ ಕೊಡ್ತೀರಾ? ವಾಪಸ್ ಇಲ್ಲ ಅನ್ನೋ ಕಡೆ, ಹವಾಮಾನ ಕೆಟ್ಟರೂ ಕರ್ಕೊಂಡು ಹೋಗೋ ಅಪಾಯ ಇದೆ.
5. ಏನಾದರೂ ಆದರೆ ಹತ್ತಿರದ ಆಸ್ಪತ್ರೆ ಯಾವುದು, ಗಾಡಿ ಇದೆಯಾ?

ನಿಮ್ಮ ಇನ್ಶೂರೆನ್ಸ್ ಏಜೆಂಟ್‌ಗೂ ಒಂದು ಫೋನ್ ಮಾಡಿ. ಸಾಹಸ ಕ್ರೀಡೆಯಲ್ಲಿ ಆದ ಗಾಯಕ್ಕೆ ದುಡ್ಡು ಕೊಡದ ಪಾಲಿಸಿಗಳು ಬಹಳ ಇವೆ.

ಹೊರಡೋ ಹಿಂದಿನ ದಿನ, ನಮ್ಮ ಏರಿಯಾದಲ್ಲೇ

ಟೈರ್‌ಗೆ ಗಾಳಿ, ಸ್ಟೆಪ್ನಿ, ಜಾಕ್ ನೋಡಿಸಿ. ಉದ್ದದ ವೈರ್ ಇರುವ 15 ಆಂಪ್ಸ್ ಪ್ಲಗ್, ನೀರು ತುಂಬೋ ಪೈಪ್, ಟಾರ್ಚ್, ಚಕ್ರಕ್ಕೆ ಕೊಡೋ ಮರದ ಕಟ್ಟೆ ತಗೊಳ್ಳಿ. ಎಲ್ಲವೂ ತುಮಕೂರು ರಸ್ತೆಯ ಎಲೆಕ್ಟ್ರಿಕಲ್, ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತವೆ. ಗ್ಯಾಸ್ 5 ಕೆ.ಜಿ. ಸಿಲಿಂಡರ್ ಸಾಕು, ಗಾಡಿ ಹೊರಡೋ ಮುಂಚೆ ರೆಗ್ಯುಲೇಟರ್ ಬಂದ್ ಮಾಡಲೇಬೇಕು. ಗಾಡಿಯ ಎತ್ತರ ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿ, ಹಳ್ಳಿ ದಾರಿಯ ಕೊಂಬೆ, ಬಂಕ್‌ನ ಸೂರು ನೆನಪಾಗಲಿ. ಫಾಸ್ಟ್ಯಾಗ್ ಗಾಡಿಯ ವರ್ಗಕ್ಕೆ ಸರಿಯಾಗಿದೆಯಾ ನೋಡಿ. ಲೀಟರ್‌ಗೆ 8ರಿಂದ 10 ಕಿ.ಮೀ. ಕೊಡುವ ಗಾಡಿಗೆ ಈ ಸುತ್ತಿಗೆ 120ರಿಂದ 150 ಲೀಟರ್ ಡೀಸೆಲ್ ಬೇಕು.

ಟಾಯ್ಲೆಟ್ ಟ್ಯಾಂಕ್, ಪಾತ್ರೆ ತೊಳೆದ ನೀರು ನದಿಗೆ, ರಸ್ತೆ ಬದಿಗೆ ಬಿಡಬೇಡಿ. ತಂಗುವ ಕಡೆಯ ಶೌಚಾಲಯದಲ್ಲೇ ಖಾಲಿ ಮಾಡಿ. ಹಾಗೆ ಗಲೀಜು ಮಾಡಿ ಹೋದ ಕಡೆ ಮುಂದಿನ ಕ್ಯಾರವಾನ್‌ಗೆ ಊರವರು ಜಾಗ ಕೊಡಲ್ಲ.

ಕೊನೆಗೆ, ನಾಲ್ಕು ನಂಬರ್ ಎಲ್ಲರ ಮೊಬೈಲ್‌ನಲ್ಲೂ ಇರಲಿ. ತುರ್ತು ಸಹಾಯ 112, ಆಂಬುಲೆನ್ಸ್ 108, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ಅರಣ್ಯ ಸಹಾಯವಾಣಿ 1926. ಕಾಡಿನ ದಾರಿಯಲ್ಲಿ, ಘಾಟಿಯಲ್ಲಿ ನೆಟ್‌ವರ್ಕ್ ಸಿಗಲ್ಲ. ಹಾಗಾಗಿ ದಿನ ದಿನದ ರೂಟ್, ತಂಗುವ ಜಾಗದ ಫೋನ್ ನಂಬರ್ ಬರೆದು ಒಂದು ಪ್ರತಿಯನ್ನು ಮನೆಯಲ್ಲಿ ಉಳಿಯುವವರ ಕೈಗೆ ಕೊಟ್ಟು ಹೊರಡಿ.